ಕಾಗಿಣೆಯ ದಂಡೆಯ ಕಲ್ಲು

ಕಲಬುರಗಿ ಜಿಲ್ಲೆಯ ಕಾಗಿಣಾ ನದಿಯ ಹೆಸರನ್ನು ನಾಡಿನವರೆಲ್ಲರೂ ಕೇಳಿರಲಾರರು. ತೆಲಂಗಾಣದ ತಾಂಡೂರಿನ ಕಡೆಯಿಂದ ಬರುವ ಈ ಹೊಳೆ ಸೇಡಂ, ಚಿತ್ತಾಪುರ ಸೀಮೆಗಳನ್ನು ಹಾದು, ಚಿಂಚೋಳಿಯ ಮುಲ್ಲಾಮಾರಿಯನ್ನೂ ಬೆಣ್ಣೆತೊರೆಯನ್ನೂ ಕೂಡಿಸಿಕೊಂಡು, ಶಹಾಬಾದಿನ ಸಮೀಪದ ಹೊನಗುಂಟಾದ ಬಳಿ ಭೀಮೆಯಲ್ಲಿ ಬೆರೆಯುತ್ತದೆ. ನದಿಯ ಹೆಸರು ಕೇಳದವರೂ ಅದರ ದಂಡೆಯ ಕಲ್ಲನ್ನು ಮಾತ್ರ ತುಳಿದೇ ಇರುತ್ತಾರೆ. ಶಾಲೆ, ರೈಲು ನಿಲ್ದಾಣ, ಅಡುಗೆಮನೆಗಳ ನೆಲಕ್ಕೆ ಹಾಸಿದ ಬೂದುಬಣ್ಣದ ಶಹಾಬಾದ್ ಕಲ್ಲು ಅದೇ. ನಮ್ಮ ಕಡೆಯ ಮಾತಿನಲ್ಲಿ ಅದು ಫರಸಿ. ನಾನು ಅಕ್ಷರ ಕಲಿತದ್ದು ಫರಸಿಯ ಮೇಲೆ ಕುಳಿತು. ಮುಂದೆ ಮೂವತ್ತು ವರುಷ ಪಾಠ ಹೇಳಿದ್ದೂ ಫರಸಿಯ ಮೇಲೆ ನಿಂತು. ವೈಶಾಖದ ಉರಿಯಲ್ಲಿ ಅದರ ತಂಪನ್ನು ಅಂಗಾಲಿನಿಂದ ಅರಿತವರಿಗೆ ಬೇರೆ ವಿವರಣೆ ಬೇಡ.

ಇದು ಸುಣ್ಣಕಲ್ಲಿನ ಒಂದು ಬಗೆ. ಕೋಟ್ಯಂತರ ವರುಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ನೆಲೆಗೊಂಡು, ಗಟ್ಟಿಯಾಗಿ ಕಲ್ಲಾಯಿತು. ಪದರಗಳ ನಡುವಿನ ಸಂದನ್ನು ಗುರುತಿಸಿ ಉಳಿಯಿಟ್ಟು ಹೊಡೆದರೆ, ಹಲಗೆಯಂತೆ ಸಪಾಟಾಗಿ ಬಿಚ್ಚಿಕೊಳ್ಳುತ್ತದೆ. ಸಂದು ತಪ್ಪಿದರೆ ಕಲ್ಲು ಚೂರಾಗುತ್ತದೆ, ದಿನದ ಕೂಲಿಯೂ ಹೋಗುತ್ತದೆ. ಪುಸ್ತಕ ಓದದ ಒಡ್ಡರ ಕೈಗಳು ಭೂಮಿಯ ಪುಟಗಳನ್ನು ಬಿಡಿಸುವ ಈ ಜಾಣ್ಮೆಯನ್ನು ನಾನು ಎಷ್ಟೋ ಸಲ ಗಣಿಯ ಅಂಚಿನಲ್ಲಿ ನಿಂತು ನೋಡಿದ್ದೇನೆ.

ಈ ಸೀಮೆಯ ಹಳೆಯ ಕುರುಹುಗಳೆಲ್ಲ ಬಹುಮಟ್ಟಿಗೆ ಈ ಕಲ್ಲಿನವೇ. ಭೀಮಾ ತೀರದ ಸನ್ನತಿಯ ನೆರೆಯಲ್ಲಿ, ಕನಗನಹಳ್ಳಿಯ ಬೌದ್ಧಸ್ತೂಪದ ಚಿತ್ರಫಲಕಗಳನ್ನು ಇದರಲ್ಲಿಯೇ ಕಡೆದಿದ್ದಾರೆ. ಅಲ್ಲಿನ ಒಂದು ಫಲಕದ ಮೇಲೆ ಅಶೋಕರಾಜನ ಹೆಸರು ಬ್ರಾಹ್ಮೀ ಅಕ್ಷರಗಳಲ್ಲಿದೆ. ಸನ್ನತಿಯ ಅಶೋಕ ಶಾಸನದ ಕಥೆ ಇನ್ನೂ ವಿಚಿತ್ರ. ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ದೇವಿಯ ಪೀಠವಾಗಿದ್ದ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿಯ ಆಜ್ಞೆಗಳು ಆಗ ಕಾಣಿಸಿಕೊಂಡವು. ವಿಗ್ರಹವನ್ನು ನಿಲ್ಲಿಸಲು ಹಿಂದೆ ಯಾರೋ ಬಂಡೆಯ ನಡುವೆ ಕೊರೆದ ತೂತಿನಲ್ಲಿ ಹಲವು ಅಕ್ಷರಗಳು ನಾಶವಾಗಿದ್ದವು. ಕೊರೆದವನನ್ನು ನಿಂದಿಸಲಾಗದು, ಆ ಲಿಪಿಯನ್ನು ಓದುವವರು ಅವನ ಕಾಲಕ್ಕೆ ಯಾರೂ ಉಳಿದಿರಲಿಲ್ಲ.

ಕಾಗಿಣೆಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. 972ರಲ್ಲಿ ಪರಮಾರರ ಸೀಯಕನು ನಗರವನ್ನು ಸೂರೆಮಾಡಿದನು. ಇಂದು ನದಿಯ ಅಂಚಿನಲ್ಲಿ ಕೋಟೆಯ ಗೋಡೆಗಳು ಉಳಿದಿವೆ; ಸಮೀಪದಲ್ಲಿ ಜಯತೀರ್ಥರ ವೃಂದಾವನವೂ ಜೈನ ಬಸದಿಯೂ ಇವೆ. ಚಿತ್ತಾಪುರದ ಬದಿಯ ನಾಗಾವಿಯಂತೂ ಅಧ್ಯಾಪಕರಾದವರು ಕೈಮುಗಿಯಬೇಕಾದ ಸ್ಥಳ. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ನಡೆಸಲು ದತ್ತಿಯಿತ್ತನೆಂದು 1058ರ ಶಾಸನ ತಿಳಿಸುತ್ತದೆ. ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ, ಅವರಿಗೆ ಗುರುಗಳು; ಇವರಲ್ಲದೆ 6 ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಒಬ್ಬ ಗ್ರಂಥಪಾಲಕನೂ ಇಲ್ಲದ ಶಾಲೆಗಳಲ್ಲಿ ದುಡಿದ ನನಗೆ ಈ ಆರರ ಸಂಖ್ಯೆ ಇಂದಿಗೂ ಬೆರಗನ್ನು ತರುತ್ತದೆ.

ಈ ಕಲ್ಲು ದೂರದ ಊರುಗಳಿಗೆ ರಾಶಿರಾಶಿಯಾಗಿ ಹೊರಟದ್ದು ರೈಲು ಬಂದ ಮೇಲೆ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಶಹಾಬಾದು, ವಾಡಿಗಳು ಆ ದಾರಿಯ ಮೇಲಿದ್ದವು. 1874ರಲ್ಲಿ ನಿಜಾಮನ ಸಂಸ್ಥಾನದ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಓಡಿತು. ಎರಡು ದಾರಿಗಳು ಸೇರಿದ್ದರಿಂದಲೇ ವಾಡಿ ಹೆಸರಾಂತ ಜಂಕ್ಷನ್ ಆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿಗೆ ಮತ್ತೊಂದು ಜನ್ಮ ದೊರೆಯಿತು. ಸುಣ್ಣಕಲ್ಲನ್ನು ಜೇಡಿಯೊಡನೆ ಅರೆದು, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅವನ್ನು ತುಸು ಜಿಪ್ಸಮ್ಮಿನೊಡನೆ ನುಣ್ಣಗೆ ಬೀಸಿದರೆ ಸಿಮೆಂಟು. ಮೊದಲು ಶಹಾಬಾದಿನಲ್ಲಿ, 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿ ಕಾರ್ಖಾನೆಗಳು ಎದ್ದವು. ಇವುಗಳಲ್ಲಿ ಹಿರಿಯದಾದ ಶಹಾಬಾದಿನ ಕಾರ್ಖಾನೆ ನಿಂತುಹೋಗಿದೆ. ಅಂದು ಕೂಗುತ್ತಿದ್ದ ಅದರ ಸೈರನ್ನಿಗೆ ಊರಿನ ಗಡಿಯಾರಗಳು ಹೊಂದಿಕೊಂಡಿದ್ದವು.

ಹಾಸುಗಲ್ಲನ್ನು ಸೀಳುವ ಉಳಿಯಿಂದ ಬಂಡೆಯನ್ನು ಸಿಡಿಸುವ ಮದ್ದಿನವರೆಗೆ ಬಂದ ಈ ದಾರಿ ಅನೇಕ ಮನೆಗಳಿಗೆ ಅನ್ನವನ್ನು ಕೊಟ್ಟಿತೆಂಬುದು ದಿಟ. ನನ್ನ ಶಿಷ್ಯರಲ್ಲಿ ಹಲವರ ಶುಲ್ಕ ಬಂದದ್ದು ಗಣಿಯ ಕೂಲಿಯಿಂದ. ಆದರೆ ಬೆಳೆ ಕೊಯ್ದ ಹೊಲ ಮರುವರುಷ ತೊಗರಿ ಕೊಡುತ್ತದೆ. ಕಲ್ಲು ತೆಗೆದ ಹೊಲ ಮತ್ತೆ ಕಲ್ಲನ್ನು ಕೊಡದು. ಶಹಾಬಾದಿನ ಸುತ್ತಣ ಹಳೆಯ ಗಣಿಗಳು ಮಳೆನೀರು ತುಂಬಿದ ಆಳವಾದ ಹೊಂಡಗಳಾಗಿವೆ. ಈಜುಬಾರದ ಮಕ್ಕಳು ಅವುಗಳ ಬಳಿ ಹೋಗುವುದು ಬೇಡ.

ಚಿಂಚೋಳಿಯ ಮೇಲ್ಗಡೆ ಮಾತ್ರ ನೋಟ ಬೇರೆ. ಅಲ್ಲಿ ಕುರುಚಲು ಗುಡ್ಡಗಳ ನಡುವೆ ಚಂದ್ರಂಪಳ್ಳಿಯ ಜಲಾಶಯವಿದೆ. 2011ರಲ್ಲಿ ಆ ಕಾಡನ್ನು ವನ್ಯಜೀವಿಧಾಮವೆಂದು ಸಾರಲಾಯಿತು. ಬೆಣ್ಣೆತೊರೆಗೆ ಹೇರೂರಿನಲ್ಲಿ ಅಣೆಕಟ್ಟು ಇದೆ. ಇಷ್ಟಾದರೂ ಮಳೆಗಾಲ ಬಲವಾದಾಗ ಕಾಗಿಣೆ ಯಾರ ಮಾತನ್ನೂ ಕೇಳುವುದಿಲ್ಲ. 2020ರ ಅಕ್ಟೋಬರಿನ ನೆರೆಯಲ್ಲಿ ಮಳಖೇಡದ ಸೇತುವೆ ಮುಳುಗಿ, ಸೇಡಂ ಕಲಬುರಗಿಗಳ ನಡುವಣ ದಾರಿ ಕಡಿದುಹೋಯಿತು. ಅಂಥ ದಿನಗಳಲ್ಲಿ ಸಿಮೆಂಟು ಹೊತ್ತ ಲಾರಿಗಳು ದಂಡೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಆಚೆಯ ದಡದವರು ಈಚೆಗೆ, ಈಚೆಯವರು ಆಚೆಗೆ ನೋಡುತ್ತ, ನೀರಿನಿಂದ ಕಟಾಂಜನ ಯಾವಾಗ ತಲೆಯೆತ್ತೀತೆಂದು ಕಾಯುತ್ತಾರೆ.