ಎದುರುಗಾಳಿಯಲ್ಲಿ ಇನ್ನೂರು ಕಿಲೋಮೀಟರ್

ಆಷಾಢದಲ್ಲಿ ಚಿತ್ರದುರ್ಗದ ಕಡೆ ಗಾಳಿ ಹೇಗೆ ಬೀಸುತ್ತದೆ ಎಂಬುದನ್ನು ಅಲ್ಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಹೇಳುತ್ತವೆ. ಆ ಗಾಳಿಗೆ ಎದೆಕೊಟ್ಟು ತುಮಕೂರು, ಶಿರಾ, ಹಿರಿಯೂರು ದಾಟಿ ಸೈಕಲ್ ತುಳಿಯುವವರೂ ಇದ್ದಾರೆ. ‘ಬ್ರೆವೆ’ ಎಂದು ಕರೆಯುವ ದೂರದ ಸವಾರಿಗಳು ರೇಸ್ ಅಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ, ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಿದರೆ ಆಯಿತು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ದಿನವೂ ಸೈಕಲ್ ಹೊಡೆಯುವವರಿಗೆ ಧಾರಾಳ ಎನಿಸುವ ಈ ಅವಧಿಯನ್ನು ಗಾಳಿ ನೋಡನೋಡುತ್ತಲೇ ತಿಂದುಹಾಕುತ್ತದೆ.

ಲೆಕ್ಕ ಹೀಗಿದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಎದುರಿನಿಂದ ಅಷ್ಟೇ ವೇಗದ ಗಾಳಿ ಬಂದರೆ ಮೈಗೆ ತಾಗುವುದು 40 ಕಿ.ಮೀ. ವೇಗದ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಹೋಗುವಾಗ ಎದುರುಗಾಳಿಯಾದರೇನು, ಬರುವಾಗ ಬೆನ್ನಿಗೆ ಗಾಳಿ ಸಿಗುತ್ತದಲ್ಲ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ನೂರು ಕಿ.ಮೀ. ದೂರವನ್ನು ಗಂಟೆಗೆ 15ರಂತೆ ಹೋಗಿ 30ರಂತೆ ಮರಳಿದರೆ ಸರಾಸರಿ ಇಪ್ಪತ್ತೆರಡೂವರೆ ಬರುವುದಿಲ್ಲ, ಬರೀ 20. ನಿಧಾನವಾಗಿ ಹೋದ ದಾರಿಯಲ್ಲೇ ಹೆಚ್ಚು ಹೊತ್ತು ಕಳೆದಿರುತ್ತದೆ. ಜೊತೆಗೆ, ನಡುದಾರಿಯಲ್ಲಿ ಕಾರ್ಡಿಗೆ ಮುದ್ರೆ ಹಾಕಿಸುವ ಕಂಟ್ರೋಲ್‌ಗಳಿಗೂ ಗಡುವು ಇರುತ್ತದೆ. ಬ್ರೆವೆ ಲೆಕ್ಕದಲ್ಲಿ 100ನೇ ಕಿ.ಮೀ. ಕಂಟ್ರೋಲ್ ಮುಚ್ಚುವುದು ಹೊರಟ 6 ಗಂಟೆ 40 ನಿಮಿಷಕ್ಕೆ. ಗಂಟೆಗೆ 15ರಂತೆ ಹೋದವರು ಸರಿಯಾಗಿ ಬಾಗಿಲು ಹಾಕುವ ಹೊತ್ತಿಗೆ ತಲುಪುತ್ತಾರೆ, ಅದೂ ದಾರಿಯಲ್ಲಿ ಟೀ ಕುಡಿಯಲು ನಿಲ್ಲದಿದ್ದರೆ.

ಹಿಂದಿನ ದಿನವೇ ಗಾಳಿ ನೋಡಿ

ಮುನ್ಸೂಚನೆಯಲ್ಲಿ ಮಳೆಯನ್ನಷ್ಟೇ ನೋಡಿ ಮೊಬೈಲ್ ಬದಿಗಿಡುವವರೇ ಹೆಚ್ಚು. ಗಾಳಿಗೆ ಸಂಬಂಧಿಸಿ ಮೂರು ಸಂಗತಿ ಬೇಕು: ದಿಕ್ಕು, ಸರಾಸರಿ ವೇಗ, ಗಳಿಗೆಗೊಮ್ಮೆ ನುಗ್ಗುವ ಹೊಡೆತದ ವೇಗ. ಸರಾಸರಿ 20 ಇದ್ದು ಹೊಡೆತ 45 ಇದ್ದರೆ ಆ ದಿನದ ಕಷ್ಟವನ್ನು ನಿರ್ಧರಿಸುವುದು ಎರಡನೆಯ ಅಂಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲುಸೀಮೆಯಲ್ಲಿ ಗಾಳಿ ಮುಖ್ಯವಾಗಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಆಗ ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೊರಟವರಿಗೆ ಅದು ಎಡಗಡೆಯಿಂದ, ಎಷ್ಟೋ ಕಡೆ ಎಡ ಮುಂಬದಿಯಿಂದ ತಾಗುತ್ತದೆ. ದಾರಿಯ ನಕ್ಷೆಯ ಮೇಲೆ ಗಾಳಿಯ ಬಾಣಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಂಡರೆ ಎಲ್ಲಿ ಶಕ್ತಿ ಉಳಿಸಬೇಕು, ಎಲ್ಲಿ ಹುಷಾರಾಗಿರಬೇಕು ಎಂಬುದು ಮೊದಲೇ ತಿಳಿಯುತ್ತದೆ.

ನೆಲ ಕಾದಂತೆಲ್ಲ ಮೇಲಿನ ಗಾಳಿ ಕೆಳಗಿಳಿದು ಬೆರೆಯುವುದರಿಂದ ಬೆಳಗಿನ ಜಾವಕ್ಕಿಂತ ಮಧ್ಯಾಹ್ನದ ಗಾಳಿ ಜೋರು. ನಸುಕಿನ ಆ ಶಾಂತ ಗಂಟೆಗಳನ್ನು ಫೋಟೊ, ಹರಟೆಯಲ್ಲಿ ಕಳೆಯಬಾರದು.

ಸೈಕಲ್, ಬಟ್ಟೆ

ಮುಂದಿನ ಚಕ್ರದ ರಿಮ್ ಎತ್ತರವಾಗಿದ್ದಷ್ಟೂ ಅಡ್ಡಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ. 50 ಮಿ.ಮೀ. ಎತ್ತರದ ಕಾರ್ಬನ್ ರಿಮ್ ಇರುವವರು ಗಾಳಿಯ ದಿನ ಮುಂದಕ್ಕಾದರೂ ಸಾದಾ ಚಕ್ರ ಹಾಕಿಕೊಳ್ಳಲಿ. ಹ್ಯಾಂಡಲ್‌ಗೆ ದೊಡ್ಡ ಬ್ಯಾಗ್ ಕಟ್ಟದೆ ಸಾಮಾನನ್ನು ಸೀಟಿನ ಕೆಳಗೆ ಸೇರಿಸಿ. ಪಟಪಟ ಬಡಿಯುವ ಜಾಕೆಟ್, ಎರಡು ಅಳತೆ ದೊಡ್ಡದಾದ ಪ್ರತಿಫಲಕ ಅಂಗಿ ಇಡೀ ದಿನ ಬ್ರೇಕಿನಂತೆ ಎಳೆಯುತ್ತವೆ. ರಾತ್ರಿ ಸವಾರಿಗೆ ಈ ಅಂಗಿ ಕಡ್ಡಾಯ, ಆದ್ದರಿಂದ ಮೈಗೆ ಕೂರುವಂಥದ್ದನ್ನೇ ಕೊಳ್ಳಬೇಕು. ಹ್ಯಾಂಡಲ್ ತುದಿಗೊಂದು ಪುಟ್ಟ ಕನ್ನಡಿಯೂ ಇರಲಿ. ಗಾಳಿಯ ಮೊರೆತದಲ್ಲಿ ಹಿಂದಿನ ಲಾರಿ ಕೇಳಿಸುವುದಿಲ್ಲ.

ಎದುರುಗಾಳಿ: ಸಾಲು ಕಟ್ಟಿ

ಸ್ಪೀಡೋಮೀಟರ್ ನೋಡುವುದನ್ನು ಬಿಡುವುದು ಮೊದಲ ಕೆಲಸ. 25ರಲ್ಲಿ ಹೋಗುತ್ತಿದ್ದವರು 16ಕ್ಕೆ ಇಳಿದಾಗ ರೋಷ ಉಕ್ಕುತ್ತದೆ, ಭಾರದ ಗೇರ್‌ನಲ್ಲೇ ಜಗ್ಗಿ ತುಳಿಯುತ್ತಾರೆ, ಮಂಡಿ ಕೈಕೊಡುತ್ತದೆ. ಹಗುರ ಗೇರ್ ಹಾಕಿ ನಿಮಿಷಕ್ಕೆ ಎಂಬತ್ತರ ಆಸುಪಾಸು ಪೆಡಲ್ ತಿರುಗಿಸುತ್ತ, ಮಾತಾಡಲು ಆಗುವಷ್ಟು ಉಸಿರಿನಲ್ಲೇ ಹೋಗಬೇಕು. ಮೊಣಕೈ ಮಡಿಸಿ, ತಲೆ ತಗ್ಗಿಸಿ ಕೂತರೆ ಎದೆಗೆ ತಾಗುವ ಗಾಳಿಯೇ ಕಡಿಮೆಯಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಎದುರುಗಾಳಿಯದ್ದೇ ಒಂದು ರಾಷ್ಟ್ರೀಯ ಸ್ಪರ್ಧೆಯಿದೆ. ಸಮುದ್ರದ ನೀರನ್ನು ತಡೆಯಲು ಕಟ್ಟಿದ ಓಸ್ಟರ್‌ಸ್ಕೆಲ್ಡೆ ಅಣೆಕಟ್ಟಿನ ಮೇಲೆ ಎಂಟೂವರೆ ಕಿ.ಮೀ., ನೆಟ್ಟಗೆ ಕೂರುವ, ಗೇರ್ ಇಲ್ಲದ ಸೈಕಲ್. ಬಿರುಗಾಳಿಯ ಮುನ್ಸೂಚನೆ ಬಂದ ಮೇಲೆಯೇ ದಿನ ಗೊತ್ತುಮಾಡುತ್ತಾರೆ. ಆ ದೂರಕ್ಕೆ ಒಂಟಿ ಹಟ ಸಾಕು. ಇನ್ನೂರಕ್ಕೆ ಜೊತೆ ಬೇಕು.

ಮುಂದಿನ ಸೈಕಲ್‌ನ ಮರೆಯಲ್ಲಿ ಹೋಗುವವರಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಬ್ರೆವೆಯಲ್ಲಿ ಒಬ್ಬರ ಹಿಂದೊಬ್ಬರು ಹೋಗಲು ಅಡ್ಡಿಯಿಲ್ಲ. ಐದಾರು ಮಂದಿಯ ಸಾಲು ಒಳ್ಳೆಯದು, ಹತ್ತಾದರೆ ಕೊನೆಯವರಿಗೆ ಮುಂದಿನ ಗುಂಡಿಯ ಸುದ್ದಿ ತಲುಪುವುದಿಲ್ಲ. ಮುಂದಿರುವವರು ಒಂದೆರಡು ನಿಮಿಷ ಎಳೆದು, ಕನ್ನಡಿ ನೋಡಿ, ಕೈಸನ್ನೆ ಮಾಡಿ, ಪಕ್ಕಕ್ಕೆ ಸರಿದು ನಿಧಾನವಾಗಿ ಕೊನೆಗೆ ಸೇರುತ್ತಾರೆ. ಎರಡನೆಯವರು ಮುಂದೆ ಬರುತ್ತಾರೆ.

ಇಲ್ಲಿ ಹೊಸಬರು ಪದೇ ಪದೇ ಮಾಡುವ ತಪ್ಪೊಂದಿದೆ. ಮರೆಯಲ್ಲಿ ಸುಧಾರಿಸಿಕೊಂಡ ಕಾಲುಗಳಲ್ಲಿ ಕಸುವಿರುತ್ತದೆ, ಮುಂದೆ ಬಂದ ಕೂಡಲೇ ಜೋರಾಗಿ ತುಳಿದುಬಿಡುತ್ತಾರೆ. ಆಗಷ್ಟೇ ದಣಿದು ಕೊನೆಗೆ ಹೋದವರಿಗೆ ಸಾಲು ಹಿಡಿಯಲು ಆಗುವುದಿಲ್ಲ, ಕೊಂಡಿ ಕಳಚುತ್ತದೆ. ಒಬ್ಬೊಬ್ಬರೇ ಹೀಗೆ ಉದುರಿ ಕೊನೆಗೆ ಎಲ್ಲರೂ ಒಂಟಿಯಾಗಿ ಗಾಳಿಗೆ ಸಿಕ್ಕುತ್ತಾರೆ. ಮುಂದೆ ಬಂದವರು ವೇಗ ಹಾಗೆಯೇ ಉಳಿಸಿಕೊಂಡರೆ ಸಾಕು. ಸಾಲಿನಲ್ಲಿ ಸೋತವರಿದ್ದರೆ ಅವರ ಸರದಿ ಅರ್ಧ ನಿಮಿಷವಿರಲಿ, ಬೇಕಿದ್ದರೆ ಇಲ್ಲವೇ ಇಲ್ಲ. ಹಿಂದೆ ಕೂತೇ ಬರಲಿ, ಅದರಲ್ಲಿ ನಾಚಿಕೆಯಿಲ್ಲ. ಗಂಟೆ ಕಳೆದ ಮೇಲೆ ಅವರೂ ಎಳೆಯಬಲ್ಲರು.

ಅಡ್ಡಗಾಳಿ: ಪುಸ್ತಕದ ಚಿತ್ರ ಇಲ್ಲಿ ನಡೆಯದು

ಎದುರುಗಾಳಿ ದಣಿಸುತ್ತದೆ, ಅಡ್ಡಗಾಳಿ ಕೆಡಹುತ್ತದೆ. 2015ರಲ್ಲಿ ಬೆಲ್ಜಿಯಂನ ಗೆಂಟ್–ವೆವೆಲ್ಗೆಮ್ ರೇಸಿನಲ್ಲಿ ಗೆರೈಂಟ್ ಥಾಮಸ್ ಅವರಂಥ ನುರಿತ ಸವಾರರನ್ನೇ ಗಾಳಿ ರಸ್ತೆಯಿಂದಾಚೆ ತಳ್ಳಿತು. ಅವರು ಎದ್ದು ಬಂದು ಮೂರನೆಯವರಾಗಿ ಮುಗಿಸಿದರು. 2013ರ ಟೂರ್ ಡಿ ಫ್ರಾನ್ಸ್‌ನ 13ನೇ ಹಂತ ಬೆಟ್ಟವಿಲ್ಲದ ಸಪಾಟು ದಾರಿ. ಅಡ್ಡಗಾಳಿಯಲ್ಲಿ ಗುಂಪು ಚೂರಾಗಿ, ಪಂಕ್ಚರ್ ಆಗಿ ಹಿಂದುಳಿದ ಅಲೆಹಾಂಡ್ರೊ ವಾಲ್ವೆರ್ಡೆ ಹತ್ತಿರ ಹತ್ತಿರ ಹತ್ತು ನಿಮಿಷ ಕಳೆದುಕೊಂಡರು.

ಯುರೋಪಿನ ರೇಸುಗಳಲ್ಲಿ ಇದಕ್ಕೆ ಓರೆಸಾಲು ಕಟ್ಟುತ್ತಾರೆ. ಗಾಳಿ ಎಡದಿಂದ ಬಂದರೆ ಮರೆ ಸಿಗುವುದು ಮುಂದಿನವರ ಬಲ ಹಿಂಬದಿಯಲ್ಲಿ. ಹೀಗೆ ಒಬ್ಬರ ಓರೆಗೆ ಒಬ್ಬರು ನಿಲ್ಲುತ್ತ ಸಾಲು ರಸ್ತೆಯ ಇನ್ನೊಂದು ಅಂಚಿನವರೆಗೆ ಹರಡುತ್ತದೆ. ಅಲ್ಲಿ ರಸ್ತೆ ಮುಚ್ಚಿರುತ್ತದೆ. ನಮ್ಮ ಹೆದ್ದಾರಿಯಲ್ಲಿ ಬಲಗಡೆಗೆ ಹರಡಿದರೆ ಲಾರಿಗಳ ದಾರಿಗೆ ನುಗ್ಗಿದಂತೆ.

ಆದ್ದರಿಂದ ಎಡದಿಂದ ಗಾಳಿ ಬರುವಾಗ ಮುಂದಿನವರು ಅಂಚಿನ ಪಟ್ಟಿಯ ಎಡತುದಿಗೆ ಒತ್ತಿಕೊಂಡು ಹೋಗಲಿ, ಹಿಂದಿನವರಿಗೆ ಬಲಕ್ಕೆ ಒಂದಿಷ್ಟು ಜಾಗ ಸಿಗುತ್ತದೆ. ಆ ಜಾಗ ಬಿಳಿಗೆರೆಯವರೆಗೆ ಮಾತ್ರ. ಇಬ್ಬರು, ಹೆಚ್ಚೆಂದರೆ ಮೂವರಿಗೆ ಮರೆ ಸಿಕ್ಕೀತು. ಉಳಿದವರು ಇನ್ನೊಂದು ಪುಟ್ಟ ಗುಂಪು ಮಾಡಿಕೊಂಡು ನೂರು ಮೀಟರ್ ಹಿಂದೆ ಬರಲಿ. ಬಲದಿಂದ ಗಾಳಿ ಬಂದರೆ ಮರೆ ಎಡಕ್ಕೆ, ಸುರಕ್ಷಿತ ಬದಿಗೆ ಸಿಗುತ್ತದೆ. ಆಗ ಮುಂದಿನವರು ಬಿಳಿಗೆರೆಯ ಒಳಗೇ ಸ್ವಲ್ಪ ಬಲಕ್ಕಿರಬೇಕು, ಇಲ್ಲವಾದರೆ ಕೊನೆಯವರ ಚಕ್ರ ಜಲ್ಲಿಗೆ ಇಳಿಯುತ್ತದೆ. ಓರೆಯಲ್ಲಿ ಹೋಗುವಾಗ ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಬಂದಿರುತ್ತದೆ. ಮುಂದಿನವರು ಗುಂಡಿ ತಪ್ಪಿಸಲು ತಟ್ಟನೆ ಸರಿದರೆ ಬೀಳುವುದು ಹಿಂದಿನವರು. ಕೂಗು ಗಾಳಿಯಲ್ಲಿ ಹಾರಿಹೋಗುತ್ತದೆ, ಹಾಗಾಗಿ ಗುಂಡಿಯನ್ನು ಕೈ ತೋರಿಸಿಯೇ ಹೇಳಬೇಕು, ಪ್ರತಿಯೊಬ್ಬರೂ ಅದನ್ನು ಹಿಂದಕ್ಕೆ ದಾಟಿಸಬೇಕು.

ಎಲ್ಲಕ್ಕಿಂತ ಅಪಾಯದ ಗಳಿಗೆ ಲಾರಿ ಪಕ್ಕಕ್ಕೆ ಬಂದಾಗಿನದು. ಬಲಗಾಳಿಗೆ ಆತುಕೊಳ್ಳಲು ಸವಾರರು ತಮಗರಿವಿಲ್ಲದೆ ಬಲಕ್ಕೆ ವಾಲಿರುತ್ತಾರೆ. ಎತ್ತರದ ಲಾರಿಯೊಂದು ಬಲಗಡೆ ಬಂದಿತೆಂದರೆ ಗಾಳಿ ಒಮ್ಮೆಲೇ ನಿಲ್ಲುತ್ತದೆ, ಆತುಕೊಂಡಿದ್ದ ಗೋಡೆಯನ್ನು ಯಾರೋ ತೆಗೆದಂತೆ. ಸೈಕಲ್ ಲಾರಿಯ ಕಡೆಗೇ ವಾಲುತ್ತದೆ. ಲಾರಿ ದಾಟುತ್ತಿದ್ದಂತೆ ಗಾಳಿ ಮತ್ತೆ ಬಡಿದು ಎಡಕ್ಕೆ ತಳ್ಳುತ್ತದೆ. ಕನ್ನಡಿಯಲ್ಲಿ ಲಾರಿ ಕಂಡಾಗಲೇ ಪೆಡಲ್ ಒತ್ತಡ ತಗ್ಗಿಸಿ, ಎರಡು ಅಡಿ ಎಡಕ್ಕೆ ಜಾಗ ಮಾಡಿಕೊಂಡು, ಹ್ಯಾಂಡಲನ್ನು ಬಿಗಿ ಹಿಡಿಯದೆ ಮೈ ಸಡಿಲ ಬಿಟ್ಟು ಕಾಯಬೇಕು. ಸೇತುವೆ, ಮೇಲ್ಸೇತುವೆ, ಗುಡ್ಡಗಳ ನಡುವಿನ ಕಣಿವೆ ಬಾಯಿ, ಸಾಲುಮರ ಮುಗಿಯುವ ಜಾಗಗಳಲ್ಲಿಯೂ ಇದೇ ಎಚ್ಚರ ಬೇಕು.

ಲಾರಿಯ ಹಿಂದೆ ಮರೆ ಹಿಡಿದು ಹೋಗುವುದಂತೂ ಕೂಡದು. ನಿಯಮಕ್ಕೂ ವಿರುದ್ಧ, ಜೀವಕ್ಕೂ.

ನೀರು, ತಿಂಡಿ

ಗಾಳಿಯಲ್ಲಿ ಬೆವರು ಒಣಗುವುದರಿಂದ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯುವ ಅಭ್ಯಾಸವಿರಲಿ, ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಬಾಳೆಹಣ್ಣು, ಕಡಲೆ ಚಿಕ್ಕಿಯನ್ನು ಸಾಲಿನ ಕೊನೆಗೆ ಬಂದಾಗಲೇ ತಿನ್ನಬೇಕು. ಅಡ್ಡಗಾಳಿಯಲ್ಲಿ ಒಂದು ಕೈ ಬಿಡುವುದಕ್ಕಿಂತ ಇಳಿದು ಎರಡು ನಿಮಿಷ ನಿಂತು ತಿಂದು ಹೊರಡುವುದು ಮೇಲು.

ನಿಲ್ಲಬೇಕಾದಾಗ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ವರ್ಷವೂ 109 ಕಿ.ಮೀ. ಸೈಕಲ್ ಟೂರ್ ನಡೆಯುತ್ತದೆ. 2017ರ ಮಾರ್ಚ್ 12ರಂದು ಸುಮಾರು 35 ಸಾವಿರ ಮಂದಿ ಹೆಸರು ನೋಂದಾಯಿಸಿದ್ದರು. ಹೊರಡುವ ಜಾಗದಲ್ಲೇ ಗಾಳಿ ಸೈಕಲ್‌ಗಳನ್ನು ಸವಾರರ ಕೈಯಿಂದ ಕಿತ್ತೆಸೆಯಿತು. ಮೊದಲ ಕೆಲವು ತಂಡಗಳು ಹೊರಟಾಗಿತ್ತು, ಆದರೂ ಸಂಘಟಕರು ಸವಾರಿಯನ್ನೇ ರದ್ದು ಮಾಡಿದರು. ಅದು ಸರಿಯಾದ ನಿರ್ಧಾರವೇ.

ಬ್ರೆವೆಯಲ್ಲಿ ಈ ತೀರ್ಮಾನ ಬಹುಪಾಲು ಸವಾರರದ್ದೇ. ಸೈಕಲ್ ಒಂದು ಮೀಟರ್ ಅಗಲದ ಪಟ್ಟಿಯೊಳಗೆ ನಿಲ್ಲದಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಏಪ್ರಿಲ್–ಮೇ ತಿಂಗಳ ಸಂಜೆ ಧೂಳೆದ್ದು ತಣ್ಣನೆಯ ಗಾಳಿ ನುಗ್ಗಿದರೆ ಹಿಂದೆಯೇ ಗುಡುಗು ಮಳೆ ಇರುತ್ತದೆ. ಮರದ ಕೆಳಗೆ, ಜಾಹೀರಾತು ಫಲಕದ ಬುಡದಲ್ಲಿ ನಿಲ್ಲದೆ ಪೆಟ್ರೋಲ್ ಬಂಕ್ ಕಚೇರಿಯನ್ನೋ ಢಾಬಾವನ್ನೋ ಸೇರಿಕೊಳ್ಳಿ. ಸವಾರಿ ಕೈಬಿಡುವುದಾದರೆ ಬ್ರೆವೆ ಕಾರ್ಡಿನಲ್ಲಿರುವ ಸಂಘಟಕರ ಸಂಖ್ಯೆಗೆ ಕರೆ ಮಾಡಿ ಎಲ್ಲಿದ್ದೀರಿ, ಹೇಗೆ ಮರಳುತ್ತೀರಿ ಎಂದು ತಿಳಿಸಿಯೇ ಬಸ್ ಹತ್ತಿ. ಇಲ್ಲದಿದ್ದರೆ ಕೊನೆಯ ಕಂಟ್ರೋಲ್‌ನಲ್ಲಿ ಕೂತವರು ರಾತ್ರಿಯಿಡೀ ಹೆದ್ದಾರಿಯಲ್ಲಿ ನಿಮ್ಮನ್ನು ಹುಡುಕುತ್ತಾರೆ.