ತಂತ್ರಾಂಶವೆಂಬ ‘ಸಾಹಿತ್ಯ ಕೃತಿ’: ಕೃತಿಸ್ವಾಮ್ಯ ಮತ್ತು ಪೂರ್ವಸ್ಮರಣೆ

ಭಾರತದ ಕೃತಿಸ್ವಾಮ್ಯ ಅಧಿನಿಯಮ 1957ಕ್ಕೆ 1984ರಲ್ಲಿ ಆದ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೆ ಸೇರಿಸಿತು. ಹೀಗಾಗಿ ತಂತ್ರಾಂಶದ ಒಡೆತನವು ಸಾಹಿತ್ಯದ ಅಧ್ಯಾಪಕರೂ ಚಿಂತಿಸಬೇಕಾದ ಪ್ರಶ್ನೆಯಾಗಿದೆ.

ಕಾನೂನು ರಕ್ಷಿಸುವುದು ಅಭಿವ್ಯಕ್ತಿಯನ್ನೇ ಹೊರತು ಆಶಯವನ್ನಲ್ಲ. ನಾಟಕವೊಂದಕ್ಕೂ ಚಲನಚಿತ್ರವೊಂದಕ್ಕೂ ಇದ್ದ ಸಾಮ್ಯವನ್ನು ಪರಿಶೀಲಿಸಿದ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ (1978) ಸರ್ವೋಚ್ಚ ನ್ಯಾಯಾಲಯವು ಈ ಭೇದವನ್ನು ಸ್ಪಷ್ಟಪಡಿಸಿತು. ಭಾರತದ ಕಥೆ ಎಲ್ಲರದು, ವಿಕ್ರಮಾರ್ಜುನ ವಿಜಯದ ಪದ್ಯಗಳು ಪಂಪನವು. ಅಂತೆಯೇ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಆಲೋಚನೆ ಎಲ್ಲರದು, ಅದಕ್ಕಾಗಿ ಒಬ್ಬರು ಬರೆದ ಪ್ರೋಗ್ರಾಮಿನ ಸಾಲುಗಳು ಅವರವು.

ಒಡೆತನ ಮತ್ತು ಕರ್ತೃತ್ವ ಒಂದೇ ಅಲ್ಲ. ಉದ್ಯೋಗದ ಭಾಗವಾಗಿ ರಚಿಸಿದ ಪ್ರೋಗ್ರಾಮಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, 17ನೆಯ ಪ್ರಕರಣದಂತೆ ಉದ್ಯೋಗದಾತನೇ ಮೊದಲ ಒಡೆಯ. ಆದರೆ ಹಕ್ಕನ್ನು ಪರರಿಗೆ ಒಪ್ಪಿಸಿದ ಮೇಲೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಪ್ರಕರಣವು ಕರ್ತೃವಿಗೇ ಉಳಿಸುತ್ತದೆ.

ಮುಕ್ತ ತಂತ್ರಾಂಶವು ಒಡೆಯನಿಲ್ಲದ ಸ್ವತ್ತೆಂಬ ಗ್ರಹಿಕೆ ತಪ್ಪು. 1989ರಲ್ಲಿ ಹೊರಬಂದ ಜಿಪಿಎಲ್ ಪರವಾನಗಿಯು ಕೃತಿಸ್ವಾಮ್ಯವನ್ನೇ ಆಧರಿಸಿದೆ. ತಿದ್ದಿದ ಪ್ರೋಗ್ರಾಮನ್ನು ಹಂಚುವವರು ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಬೇಕು, ಅದೇ ಪರವಾನಗಿಯಡಿ ಮೂಲಸಂಕೇತವನ್ನೂ ದೊರಕಿಸಬೇಕು.

ರನ್ನನ ಗದಾಯುದ್ಧವು ಪಂಪನಿಗೆ ಋಣಿಯಾಗಿದ್ದೂ ಸ್ವತಂತ್ರ ಕೃತಿಯೆನಿಸಿದೆ. ಪೂರ್ವಕವಿಗಳ ಸ್ಮರಣೆ ನಮ್ಮ ಕಾವ್ಯಗಳಲ್ಲಿ ರೂಢಿಯಾಗಿ ಬಂದ ಮರ್ಯಾದೆ. ಕನ್ನಡದ ಅಕ್ಷರವಿನ್ಯಾಸ, ಪದಪರೀಕ್ಷಕಗಳನ್ನು ಹಲವರು ಪ್ರತಿಫಲವಿಲ್ಲದೆ ರೂಪಿಸಿದ್ದಾರೆ. ಅವರ ಹೆಸರನ್ನು ಅಳಿಸಿ ತನ್ನದನ್ನು ಬರೆದುಕೊಳ್ಳುವವನು ಪರವಾನಗಿಯನ್ನು ಮುರಿಯುವುದಷ್ಟೇ ಅಲ್ಲ, ಮುಂದೆ ದುಡಿಯಬೇಕಾದವರ ವಿಶ್ವಾಸವನ್ನೂ ಕೆಡಿಸುತ್ತಾನೆ. ಸಂಶೋಧನ ಪ್ರಬಂಧದಲ್ಲಿ ಆಕರವನ್ನು ಹೇಳಲು ಕಲಿಸುವ ನಾವು ಈ ಶಿಸ್ತನ್ನು ತಂತ್ರಾಂಶಕ್ಕೂ ಅನ್ವಯಿಸಿ ಕಲಿಸುವುದು ಅವಶ್ಯ.