ಸಿ.ಸಿ. ಎಂದರೇನು? ನಮಗೆ ಯಾವ ಬೈಕು ಸಾಕು?

ನಮ್ಮಣ್ಣ ದಿನಾ ಪೇಟೆಗೆ ಕೆಲಸಕ್ಕೆ ಹೋಗಿಬರಲು 40 ಕಿ.ಮೀ. ಆಗುತ್ತದೆ. ಬೆಳಗಿನ ಬಸ್ಸು ತಪ್ಪಿದರೆ ಅರ್ಧ ದಿನದ ಸಂಬಳ ಹೋಯ್ತು. ಅದಕ್ಕೇ ಬೈಕು ಬೇಕು. ಅವನಿಗೆ 150 ಸಿ.ಸಿ. ಆಸೆ, ಅಪ್ಪನಿಗೆ ಸಾಲದ ಚಿಂತೆ. ಬನ್ನಿ, ಲೆಕ್ಕ ಹಾಕೋಣ.

ಸಿ.ಸಿ. ಅಂದರೆ ಘನ ಸೆಂಟಿಮೀಟರ್. ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗದ ಘನಫಲ. ಸ್ಪ್ಲೆಂಡರ್ ಬೈಕಿನ ಸಿಲಿಂಡರಿನ ವ್ಯಾಸ 5 ಸೆಂ.ಮೀ., ಪಿಸ್ಟನ್ ಚಲಿಸುವ ದೂರ 4.95 ಸೆಂ.ಮೀ.

ಸೂತ್ರ: ಪೈ × ತ್ರಿಜ್ಯದ ವರ್ಗ × ಎತ್ತರ
3.14 × 2.5 × 2.5 × 4.95 = ಸುಮಾರು 97 ಸಿ.ಸಿ.
ಇದನ್ನೇ ಜನ 100 ಸಿ.ಸಿ. ಬೈಕು ಅನ್ನುವುದು.

ಸಿ.ಸಿ. ಹೆಚ್ಚಾದರೆ ಶಕ್ತಿ ಹೆಚ್ಚು, ಸಾಮಾನ್ಯವಾಗಿ ಪೆಟ್ರೋಲೂ ಹೆಚ್ಚು. ತಿಂಗಳಿಗೆ 25 ದಿನವಾದರೆ 1000 ಕಿ.ಮೀ. ಲೀಟರಿಗೆ 60 ಕಿ.ಮೀ. ಕೊಡುವ ಬೈಕಿಗೆ ಸುಮಾರು 17 ಲೀಟರ್, 40 ಕಿ.ಮೀ. ಕೊಡುವುದಕ್ಕೆ 25 ಲೀಟರ್. ಲೀಟರಿಗೆ 100 ರೂ. ಹಿಡಿದರೂ ತಿಂಗಳಿಗೆ 800 ರೂ. ವ್ಯತ್ಯಾಸ!

ಇನ್ನೂ ನೋಡಬೇಕಾದ್ದು:
1. ಕೂತಾಗ ಎರಡೂ ಕಾಲು ನೆಲಕ್ಕೆ ತಾಗಬೇಕು.
2. ಬಿಡಿಭಾಗ ಹತ್ತಿರದಲ್ಲೇ ಸಿಗಬೇಕು.
3. ಹೆಲ್ಮೆಟ್ಟಿನ ದುಡ್ಡನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಲೆಕ್ಕ ನೋಡಿದ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರೇ ಸಾಕು ಬಿಡು" ಅಂದ. ನಿಮ್ಮ ಮನೆಯ ಬೈಕಿನ ಲೆಕ್ಕವನ್ನೂ ಮಾಡಿ ನೋಡಿ.